ಕಲ್ಲಿದ್ದಲಿನೊಳಗಿನ ಮಿಥೇನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವುದು ತೆಲಂಗಾಣ, ಮಹಾರಾಷ್ಟ್ರ, ಒಡಿಶಾ ಕಡೆಯಿಂದ ರೈಲಿನಲ್ಲಿ ಬಂದದ್ದು. ಹಾಗಾಗಿ ಗಣಿಯೊಳಗಿನ ಗ್ಯಾಸಿನ, ಅಂದರೆ ಮಿಥೇನಿನ ವಿಷಯ ನಮ್ಮಲ್ಲಿ ಮಾತಿಗೆ ಬರುವುದೇ ಕಡಿಮೆ. ಆದರೂ ಸುರತ್ಕಲ್‌ನಲ್ಲಿ ಮೈನಿಂಗ್ ಓದುವವರು, ಧನಬಾದ್ ಕಡೆ ಕೆಲಸ ಸಿಕ್ಕಿ ಹೊರಟವರು, ಸುಮ್ನೆ ಕುತೂಹಲಕ್ಕೆ ಕೇಳುವವರು, ಎಲ್ಲರ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ. ಉದಾಹರಣೆ ಬೇಕಾದಾಗಲೆಲ್ಲ ಜಾರ್ಖಂಡಿನ ಕಲ್ಲಿದ್ದಲು ಗಣಿ ಪ್ರದೇಶ ಝರಿಯಾಕ್ಕೇ ಹೋಗಿದ್ದೇನೆ. ಗ್ಯಾಸಿನ ವಿಷಯದಲ್ಲಿ ನಮ್ಮ ದೇಶದಲ್ಲಿ ಅಷ್ಟು ಕಲಿಸುವ ಜಾಗ ಇನ್ನೊಂದಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಲ್ಲಿದ್ದಲು ಎಷ್ಟು ಗ್ಯಾಸ್ ಹಿಡಿದಿಟ್ಟುಕೊಂಡಿದೆ ಅನ್ನುವುದು ಒಂದು ಲೆಕ್ಕ. ಅದನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಮೊದಲನೆಯದನ್ನು ತೀರ್ಮಾನಿಸುವ ಗುಣಗಳೇ ಎರಡನೆಯದನ್ನೂ ತೀರ್ಮಾನಿಸುವುದಿಲ್ಲ. ಕೆಳಗಿನ ಅರ್ಧ ಪ್ರಶ್ನೆಗಳು ಇವೆರಡನ್ನೂ ಕಲಸಿದ್ದರಿಂದಲೇ ಹುಟ್ಟಿದವು.

ಕಲ್ಲಿದ್ದಲಿನೊಳಗೆ ಗ್ಯಾಸ್ ಎಲ್ಲಿರುತ್ತದೆ? ತೂತುಗಳಲ್ಲಿ ತುಂಬಿಕೊಂಡಿರುತ್ತದಾ?

ಸ್ವಲ್ಪ ಭಾಗ ಹಾಗೆ ಇರುತ್ತದೆ. ಆದರೆ ಬಹುಪಾಲು ಗ್ಯಾಸ್ ತುಂಬಿಕೊಂಡಿರುವುದಲ್ಲ, ಅಂಟಿಕೊಂಡಿರುವುದು. ಕಲ್ಲಿದ್ದಲಿನೊಳಗೆ ಕಣ್ಣಿಗೆ ಕಾಣದ ರಂಧ್ರಗಳು ಲೆಕ್ಕವಿಲ್ಲದಷ್ಟು. ಅವುಗಳಲ್ಲಿ ತುಂಬಾ ಸಣ್ಣವು 2 ನ್ಯಾನೋಮೀಟರಿಗಿಂತ ಕಿರಿದು. ಮಿಥೇನ್ ಅಣುವಿನ ಅಗಲ ಸುಮಾರು 0.38 ನ್ಯಾನೋಮೀಟರ್. ಅಂದರೆ ನಾಲ್ಕೈದು ಅಣು ಪಕ್ಕಪಕ್ಕ ನಿಂತರೆ ರಂಧ್ರ ಮುಗಿಯಿತು. ಅಷ್ಟು ಇಕ್ಕಟ್ಟಿನಲ್ಲಿ ಗೋಡೆಯ ಸೆಳೆತ ಎಲ್ಲಾ ಕಡೆಯಿಂದಲೂ ಸಿಗುತ್ತದೆ. ಅಣು ಗೋಡೆಗೆ ಅಂಟಿ ಕೂರುತ್ತದೆ. ಇದಕ್ಕೆ ಅಡ್ಸಾರ್ಪ್ಷನ್ ಅಂತಾರೆ. ಇಲ್ಲಿ ರಾಸಾಯನಿಕ ಬಂಧ ಏನೂ ಇಲ್ಲ, ಬರೀ ದುರ್ಬಲ ಸೆಳೆತ. ಅದಕ್ಕೇ ಒತ್ತಡ ತೆಗೆದರೆ ಗ್ಯಾಸ್ ಬಿಟ್ಟುಹೋಗುತ್ತದೆ.

ಈ ರಂಧ್ರಗಳ ಒಳಮೈ ಎಲ್ಲಾ ಸೇರಿಸಿದರೆ ಒಂದು ಗ್ರಾಂ ಕಲ್ಲಿದ್ದಲಿಗೆ ನೂರು ಚದರ ಮೀಟರ್ ದಾಟುವುದು ಸಾಮಾನ್ಯ. ಬೆಂಗಳೂರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಒಂದು ಗ್ರಾಂ ಪುಡಿಯೊಳಗೆ ಹತ್ತಿರ ಹತ್ತಿರ ಒಂದು 30×40 ಸೈಟು. ಒಂದು ಟನ್ ಗಟ್ಟಿ ಕಲ್ಲಿದ್ದಲು ಹಿಡಿಯುವ ಜಾಗ ಮುಕ್ಕಾಲು ಘನ ಮೀಟರ್ ಕೂಡ ಆಗುವುದಿಲ್ಲ. ಗ್ಯಾಸಿರುವ ಪದರವಾದರೆ ಅದರಿಂದ ಹತ್ತು ಘನ ಮೀಟರಿಗೂ ಮೇಲೆ ಮಿಥೇನ್ ಹೊರಬರಬಹುದು. ಅಷ್ಟೇ ಗಾತ್ರದ ಮಾಮೂಲಿ ಗ್ಯಾಸ್ ಮರಳುಗಲ್ಲಿಗೆ ಹೋಲಿಸಿದರೆ ಕಲ್ಲಿದ್ದಲು ಆರೇಳು ಪಟ್ಟು ಜಾಸ್ತಿ ಹಿಡಿಯುತ್ತದೆ ಎಂದು ಅಮೆರಿಕದ ಭೂವಿಜ್ಞಾನ ಇಲಾಖೆ ಹೇಳುತ್ತದೆ.

ಈ ಗ್ಯಾಸ್ ಬಂದದ್ದಾದರೂ ಎಲ್ಲಿಂದ?

ಕಲ್ಲಿದ್ದಲು ತಾನೇ ಹುಟ್ಟಿಸಿಕೊಂಡದ್ದು. ಸತ್ತ ಗಿಡಮರ ಜೌಗಿನಲ್ಲಿ ಹೂತು ಪೀಟ್ ಆಗುವಾಗ ಸೂಕ್ಷ್ಮಜೀವಿಗಳು ಒಂದಿಷ್ಟು ಮಿಥೇನ್ ಮಾಡುತ್ತವೆ. ಆಮೇಲೆ ಆಳಕ್ಕೆ ಇಳಿದು ಬಿಸಿ ಏರಿದಂತೆ ಕಲ್ಲಿದ್ದಲು ಲಿಗ್ನೈಟ್, ಸಬ್‌ಬಿಟುಮಿನಸ್, ಬಿಟುಮಿನಸ್, ಕೊನೆಗೆ ಆಂಥ್ರಸೈಟ್ ಅಂತ ಮಾಗುತ್ತಾ ಹೋಗುತ್ತದೆ. ಈ ಮಾಗುವಿಕೆಯ ಮಟ್ಟವೇ ರ‍್ಯಾಂಕ್. ಬಿಟುಮಿನಸ್ ಹಂತದಲ್ಲಿ ಬಿಸಿಗೇ ಮಿಥೇನ್ ಹೇರಳವಾಗಿ ಹುಟ್ಟುತ್ತದೆ. ಎಷ್ಟೆಂದರೆ ಕಲ್ಲಿದ್ದಲಿಗೆ ಅಷ್ಟನ್ನೂ ಹಿಡಿದಿಟ್ಟುಕೊಳ್ಳಲು ಆಗುವುದೇ ಇಲ್ಲ. ಹೆಚ್ಚಿನದು ಆಗಲೇ ಸುತ್ತಲಿನ ಕಲ್ಲಿಗೆ, ಅಲ್ಲಿಂದ ಗಾಳಿಗೆ ಹೋಯಿತು. ಇವತ್ತು ನಾವು ಅಳೆಯುತ್ತಿರುವುದು ಉಳಿದದ್ದನ್ನು ಮಾತ್ರ.

ಝರಿಯಾದ ಪದರಗಳು ಪರ್ಮಿಯನ್ ಕಾಲದವು, 25 ಕೋಟಿ ವರ್ಷಕ್ಕೂ ಹಿಂದಿನವು. ಅಷ್ಟು ಕಾಲದಲ್ಲಿ ಪದರ ಮೇಲೆದ್ದಿದೆ, ಮೇಲಿನ ಕಲ್ಲು ಸವೆದಿದೆ, ಬಿರುಕು ಬಿಟ್ಟಿದೆ. ಹಾಗಾಗಿ ಎಷ್ಟು ಹುಟ್ಟಿತು ಅನ್ನುವುದಕ್ಕಿಂತ ಎಷ್ಟು ಉಳಿಯಿತು ಅನ್ನುವ ಪ್ರಶ್ನೆಗೇ ತೂಕ ಜಾಸ್ತಿ.

ಆಳಕ್ಕೆ ಹೋದಷ್ಟೂ ಗ್ಯಾಸ್ ಜಾಸ್ತಿ, ಅಲ್ವಾ?

ಒಂದು ಮಟ್ಟದವರೆಗೆ ಹೌದು. ಆಳ ಅಂದರೆ ಒತ್ತಡ. ನೀರು ತುಂಬಿದ ಪದರದಲ್ಲಿ ಪ್ರತಿ ನೂರು ಮೀಟರಿಗೆ ಸುಮಾರು 1 ಮೆಗಾಪ್ಯಾಸ್ಕಲ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಹತ್ತು ಪಟ್ಟು, ಏರುತ್ತದೆ. ಒತ್ತಡ ಏರಿದಂತೆ ಹೆಚ್ಚು ಅಣುಗಳು ಗೋಡೆಗೆ ಅಂಟುತ್ತವೆ. ಆದರೆ ಇದು ನೇರ ಗೆರೆ ಅಲ್ಲ. ಶುರುವಿನಲ್ಲಿ ಖಾಲಿ ಜಾಗ ಬೇಕಾದಷ್ಟಿರುತ್ತದೆ, ಗ್ಯಾಸ್ ಬೇಗ ಏರುತ್ತದೆ. ಜಾಗ ತುಂಬುತ್ತಾ ಬಂದಂತೆ ಏರಿಕೆ ನಿಧಾನವಾಗಿ, ಗೆರೆ ಚಪ್ಪಟೆಯಾಗುತ್ತದೆ. ಇದನ್ನು ಸಮೀಕರಣಕ್ಕೆ ಇಳಿಸಿದವರು ಇರ್ವಿಂಗ್ ಲ್ಯಾಂಗ್‌ಮ್ಯೂರ್, 1918ರಲ್ಲಿ. ಮೇಲ್ಮೈ ರಸಾಯನದ ಕೆಲಸಕ್ಕೆ 1932ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿಗೂ ಕಲ್ಲಿದ್ದಲು ಲ್ಯಾಬುಗಳು ಬಳಸುವುದು ಅದೇ ಸಮೀಕರಣ.

ಇನ್ನೊಂದು ಕಡೆಯಿಂದ ಬಿಸಿ ಎಳೆಯುತ್ತದೆ. ನೂರು ಮೀಟರ್ ಇಳಿದರೆ ಅಂದಾಜು 3 ಡಿಗ್ರಿ ಏರುತ್ತದೆ, ಬಿಸಿ ಏರಿದರೆ ಅಂಟುವಿಕೆ ಕಡಿಮೆ. ಮೇಲಿನ ಪದರಗಳಲ್ಲಿ ಒತ್ತಡದ್ದೇ ಕೈಮೇಲು. ತುಂಬಾ ಆಳದಲ್ಲಿ ಗೆರೆ ಚಪ್ಪಟೆಯಾದ ಮೇಲೆ ಬಿಸಿಯ ಕೈಮೇಲಾಗುತ್ತದೆ.

ಮತ್ತೊಂದು ವಿಷಯ ಮರೆಯಬಾರದು. ಇದೆಲ್ಲಾ ಕಲ್ಲಿದ್ದಲಿನ ಸಾಮರ್ಥ್ಯದ ಮಾತು. ನಿಜವಾಗಿ ಅಷ್ಟು ಗ್ಯಾಸ್ ಇದೆ ಎಂದು ಅರ್ಥವಲ್ಲ.

ರ‍್ಯಾಂಕ್ ಏರಿದರೆ ಗ್ಯಾಸ್ ಏರುತ್ತದಾ?

ತೇವದಿಂದಿರುವ, ಅಂದರೆ ಪದರದಲ್ಲಿರುವ ಹಾಗೇ ಇರುವ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಹೌದು. ಮಾಗಿದಷ್ಟೂ ಸಣ್ಣ ರಂಧ್ರಗಳು ಹೆಚ್ಚುತ್ತವೆ, ನೀರಿನಂಶ ಇಳಿಯುತ್ತದೆ, ಎರಡೂ ಮಿಥೇನಿಗೆ ಅನುಕೂಲ. ಆಂಥ್ರಸೈಟ್ ಅತಿ ಹೆಚ್ಚು ಹಿಡಿಯುತ್ತದೆ. ಅದನ್ನೂ ದಾಟಿ ಗ್ರ್ಯಾಫೈಟಿನ ಕಡೆ ಹೋದರೆ ಮತ್ತೆ ಬಿದ್ದುಹೋಗುತ್ತದೆ.

ಬಿಡುವ ಲೆಕ್ಕಕ್ಕೆ ಬಂದರೆ ಚಿತ್ರ ಬೇರೆ. ಕಲ್ಲಿದ್ದಲಿನ ಸಹಜ ಬಿರುಕುಗಳು ಅತಿ ಒತ್ತಾಗಿರುವುದು ಮಧ್ಯದ ರ‍್ಯಾಂಕಿನಲ್ಲಿ, ಬಾಷ್ಪಾಂಶ (ಕಾಯಿಸಿದಾಗ ಆವಿಯಾಗಿ ಹೋಗುವ ಅಂಶ) ಕಡಿಮೆ ಇರುವ ಬಿಟುಮಿನಸ್‌ನಲ್ಲಿ. ಲಿಗ್ನೈಟಿನಲ್ಲೂ ವಿರಳ, ಆಂಥ್ರಸೈಟಿನಲ್ಲೂ ವಿರಳ. ಆಂಥ್ರಸೈಟ್ ತುಂಬಾ ಗ್ಯಾಸ್ ಇಟ್ಟುಕೊಂಡು, ಅದನ್ನು ಬಿಡಲು ಜಿಪುಣತನ ಮಾಡುತ್ತದೆ. ಝರಿಯಾದ್ದು ಕೋಕಿಂಗ್ ಕಲ್ಲಿದ್ದಲು, ಅಂದರೆ ಉಕ್ಕಿನ ಕುಲುಮೆಗೆ ಬೇಕಾದ ಕೋಕ್ ಮಾಡುವ ಕಲ್ಲಿದ್ದಲು, ಆ ಮಧ್ಯದ ರ‍್ಯಾಂಕಿನದು. ಹಿಡಿಯುವುದಕ್ಕೂ ಸರಿ, ಬಿಡುವುದಕ್ಕೂ ಸರಿ. ಗಣಿಗೆ ಅದೇ ತಲೆನೋವು, ಗ್ಯಾಸ್ ಬಾವಿಗೆ ಅದೇ ಭಾಗ್ಯ.

ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ ಅಂತಾರೆ. ಅದರಿಂದ ಗ್ಯಾಸಿಗೇನು?

ನೇರ ನಷ್ಟ. ಬೂದಿ ಕೊಡುವ ಖನಿಜಗಳು, ಅಂದರೆ ಜೇಡಿ, ಸ್ಫಟಿಕ ಇವೆಲ್ಲ, ಮಿಥೇನನ್ನು ಹೆಚ್ಚುಕಡಿಮೆ ಹಿಡಿಯುವುದೇ ಇಲ್ಲ. ಜಾಗ ಮಾತ್ರ ತಿನ್ನುತ್ತವೆ. ಲೆಕ್ಕಕ್ಕೆ ಒಂದು ಪದರ ತೆಗೆದುಕೊಳ್ಳಿ. ಶುದ್ಧ ಕಲ್ಲಿದ್ದಲಿನ ಭಾಗಕ್ಕೆ ಟನ್ನಿಗೆ 20 ಘನ ಮೀಟರ್ ಸಾಮರ್ಥ್ಯ ಇದೆ ಅಂದುಕೊಳ್ಳಿ. ಬೂದಿ ಶೇ 35, ನೀರು ಶೇ 2 ಕಳೆದರೆ ಉಳಿಯುವುದು ಶೇ 63. ಆ ಪದರದ ಒಂದು ಟನ್ ಹಿಡಿಯುವುದು 12.6 ಘನ ಮೀಟರ್ ಮಾತ್ರ. ಭಾರತದ ಕಲ್ಲಿದ್ದಲಿನಲ್ಲಿ ಶೇ 30ರಿಂದ 45 ಬೂದಿ ಮಾಮೂಲು.

ಇಲ್ಲೇ ಒಂದು ಎಚ್ಚರಿಕೆ. ಯಾರಾದರೂ ಟನ್ನಿಗೆ ಇಷ್ಟು ಗ್ಯಾಸ್ ಅಂದರೆ, ಬೂದಿ-ನೀರು ಕಳೆದ ಲೆಕ್ಕವೋ ಇದ್ದ ಹಾಗೇ ಲೆಕ್ಕವೋ ಎಂದು ಮೊದಲು ಕೇಳಿ. ಒಂದೇ ಪದರಕ್ಕೆ ಎರಡು ಅಂಕಿ ಓಡಾಡುವುದು ಬಹುಪಾಲು ಇದರಿಂದಲೇ. ಹೂಡಿಕೆದಾರರಿಗೆ ತೋರಿಸುವ ಕಾಗದದಲ್ಲಿ ಯಾವ ಅಂಕಿ ಇರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ನೀರಿನಂಶದ ಪಾತ್ರ ಏನು?

ನೀರಿನ ಅಣು ಮಿಥೇನಿಗಿಂತ ಸಣ್ಣದು, ಕಲ್ಲಿದ್ದಲಿಗೆ ಅಂಟುವುದರಲ್ಲಿ ಅದಕ್ಕಿಂತ ಚುರುಕು. ಎಳೆಯ ಕಲ್ಲಿದ್ದಲಿನಲ್ಲಿ ಆಮ್ಲಜನಕದ ಗುಂಪುಗಳು ಜಾಸ್ತಿ, ನೀರು ಹೋಗಿ ಅವುಗಳ ಮೇಲೆ ಕೂರುತ್ತದೆ. ಮಿಥೇನಿಗೆ ಜಾಗ ಸಿಗುವುದಿಲ್ಲ. ಒಂದು ಮಿತಿ ದಾಟಿದ ಮೇಲೆ ಎಷ್ಟು ನೀರು ಸೇರಿಸಿದರೂ ವ್ಯತ್ಯಾಸವಾಗುವುದಿಲ್ಲ, ಕೂರಬೇಕಾದ ಜಾಗದಲ್ಲೆಲ್ಲ ಅದು ಆಗಲೇ ಕೂತಿರುತ್ತದೆ. ಹಾಗಾಗಿ ಒಣಗಿಸಿದ ಪುಡಿಯ ಮೇಲೆ ಮಾಡಿದ ಪರೀಕ್ಷೆಯ ಅಂಕಿಯನ್ನು ಪದರಕ್ಕೆ ನೇರವಾಗಿ ಹಚ್ಚಬಾರದು. ಲ್ಯಾಬಿನಲ್ಲಿ ಪುಡಿಗೆ ಮೊದಲು ತೇವ ಕುಡಿಸಿ ಸಮತೋಲಕ್ಕೆ ತಂದು ಆಮೇಲೆ ಅಳೆಯುವುದು ಇದಕ್ಕೇ.

ಒಂದೇ ಪದರದಲ್ಲಿ ಹೊಳೆಯುವ ಪಟ್ಟಿ, ಮಂಕು ಪಟ್ಟಿ ಇರುತ್ತವಲ್ಲ. ಎರಡರಲ್ಲೂ ಗ್ಯಾಸ್ ಒಂದೇ ಥರವಾ?

ಅಲ್ಲ. ಝರಿಯಾದ ಒಂದು ಹೆಂಟೆ ಕೈಗೆ ಸಿಕ್ಕರೆ ಬೆಳಕಿಗೆ ಹಿಡಿದು ನೋಡಿ. ಗಾಜಿನ ಹಾಗೆ ಹೊಳೆಯುವ ಪಟ್ಟಿಯಲ್ಲಿ ಜಾಸ್ತಿ ಇರುವುದು ವಿಟ್ರಿನೈಟ್, ಅಂದರೆ ಮರದ ಕಟ್ಟಿಗೆ, ತೊಗಟೆಯಿಂದ ಬಂದ ಭಾಗ. ಅದರಲ್ಲಿ ಮೇಲಿಂದ ಕೆಳಕ್ಕೆ ಕೂದಲೆಳೆಯಂಥ ಬಿರುಕುಗಳು ಒತ್ತೊತ್ತಾಗಿ ಕಾಣುತ್ತವೆ. ಉಗುರಿನಿಂದ ಒತ್ತಿದರೆ ಸಣ್ಣ ಸಣ್ಣ ಚೌಕವಾಗಿ ಉದುರುತ್ತದೆ. ಪಕ್ಕದ ಮಂಕು ಪಟ್ಟಿ ಗಟ್ಟಿ, ಬಿರುಕು ಅಲ್ಲಿಗೆ ಬಂದು ನಿಂತುಬಿಡುತ್ತದೆ. ಅದರಲ್ಲಿ ಇನರ್ಟಿನೈಟ್ (ಹೂತುಹೋಗುವ ಮೊದಲೇ ಸುಟ್ಟ ಇಲ್ಲವೇ ಕೊಳೆತ ಗಿಡದ ಭಾಗ) ಮತ್ತು ಖನಿಜ ಜಾಸ್ತಿ.

ವಿಟ್ರಿನೈಟಿನಲ್ಲಿ ತೀರಾ ಸಣ್ಣ ರಂಧ್ರಗಳು ಜಾಸ್ತಿ, ಹಾಗಾಗಿ ಹಿಡಿಯುವುದೂ ಜಾಸ್ತಿ. ಇನರ್ಟಿನೈಟಿನ ರಂಧ್ರಗಳು ದೊಡ್ಡವು. ಹಿಡಿಯುವುದು ಕಡಿಮೆಯಾದರೂ ಬಿಡುವಾಗ ಬೇಗ ಬಿಡಬಹುದು. ಭಾರತದ ಗೊಂಡ್ವಾನಾ ಕಲ್ಲಿದ್ದಲಿನಲ್ಲಿ ಇನರ್ಟಿನೈಟ್ ಧಾರಾಳ. ಹೊರದೇಶದ ಪಠ್ಯಪುಸ್ತಕದ ಅಂಕಿಗಳನ್ನು ನಮ್ಮ ಪದರಗಳಿಗೆ ಕಣ್ಣುಮುಚ್ಚಿ ಹಾಕಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಅಂಟಿಕೊಂಡ ಗ್ಯಾಸ್ ಹೊರಗೆ ಬರುವುದು ಹೇಗೆ?

ಮೂರು ಹಂತ. ಬಿರುಕುಗಳಲ್ಲಿನ ಒತ್ತಡ ಇಳಿದಾಗ ಅಣು ಗೋಡೆ ಬಿಡುತ್ತದೆ. ಆಮೇಲೆ ಸಣ್ಣ ರಂಧ್ರಗಳ ಜಾಲದಲ್ಲಿ ಅಲೆಯುತ್ತಾ ಹತ್ತಿರದ ಬಿರುಕಿಗೆ ಬರಬೇಕು. ಇಲ್ಲಿ ಹರಿವು ಅಂತ ಇಲ್ಲ, ಸಾಂದ್ರತೆ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡಿಕೊಳ್ಳುವುದು ಅಷ್ಟೇ. ಕೊನೆಗೆ ಬಿರುಕುಗಳ ದಾರಿ ಹಿಡಿದು ಬಾವಿಗೋ ಸುರಂಗಕ್ಕೋ ಹರಿಯುತ್ತದೆ.

ಈ ಸಹಜ ಬಿರುಕುಗಳಿಗೆ ಕ್ಲೀಟ್ ಅಂತಾರೆ. ಒಂದು ದಿಕ್ಕಿನವು ಉದ್ದಕ್ಕೆ ಬಿಡದೆ ಓಡುತ್ತವೆ, ಅವು ಫೇಸ್ ಕ್ಲೀಟ್. ಅವಕ್ಕೆ ಅಡ್ಡಲಾಗಿ ತುಂಡುತುಂಡಾಗಿ ಇರುವವು ಬಟ್ ಕ್ಲೀಟ್. ಗ್ಯಾಸ್ ಫೇಸ್ ಕ್ಲೀಟಿನ ದಿಕ್ಕಿಗೆ ಸಲೀಸಾಗಿ ಹರಿಯುತ್ತದೆ. ಪದರದೊಳಗೆ ಅಡ್ಡಬಾವಿ ಕೊರೆಯುವವರು ಫೇಸ್ ಕ್ಲೀಟನ್ನು ಕತ್ತರಿಸಿಕೊಂಡು ಹೋಗುವುದು ಅದಕ್ಕೇ, ಒಂದೊಂದು ಬಿರುಕೂ ಬಾವಿಗೆ ಬಂದು ಸೇರಲಿ ಅಂತ.

ಎರಡನೇ ಹಂತದ ವೇಗ ಅಳೆಯಲು ಒಂದು ರೂಢಿ ಇದೆ. ಇರುವ ಗ್ಯಾಸಿನಲ್ಲಿ ಶೇ 63 ಹೊರಬರಲು ಎಷ್ಟು ಹೊತ್ತು ಬೇಕು ಅಂತ ನೋಡುತ್ತಾರೆ. ಕೆಲವು ಕಲ್ಲಿದ್ದಲಿಗೆ ಒಂದೆರಡು ದಿನ ಸಾಕು, ಕೆಲವಕ್ಕೆ ತಿಂಗಳುಗಟ್ಟಲೆ. ಆದರೆ ಪದರದಲ್ಲಿ ಬಹುಪಾಲು ಅಡ್ಡಗಾಲು ಹಾಕುವುದು ಮೂರನೇ ಹಂತ. ಹರಿಯಲು ಬಿಡುವ ಗುಣ, ಅಂದರೆ ಪರ್ಮಿಯಬಿಲಿಟಿ, ಆಳಕ್ಕೆ ಹೋದಂತೆ ಬೀಳುತ್ತದೆ. ಮೇಲಿನ ಭಾರ ಕ್ಲೀಟುಗಳನ್ನು ಅಮುಕಿ ಮುಚ್ಚುತ್ತದೆ. ಆಳದಲ್ಲಿ ಗ್ಯಾಸ್ ಜಾಸ್ತಿ, ಆದರೆ ದಾರಿ ಕಿರಿದು. ಕೆಲವೊಮ್ಮೆ ಕ್ಲೀಟಿನೊಳಗೆ ಕ್ಯಾಲ್ಸೈಟ್‌ನಂಥ ಖನಿಜ ತುಂಬಿ ದಾರಿಯೇ ಬಂದ್ ಆಗಿರುತ್ತದೆ.

ಅಮೆರಿಕದ ಪೌಡರ್ ರಿವರ್ ಜಲಾನಯನ ಇದಕ್ಕೆ ಉಲ್ಟಾ ಉದಾಹರಣೆ. ಅಲ್ಲಿಯದು ಎಳೆಯ ಸಬ್‌ಬಿಟುಮಿನಸ್, ಟನ್ನಿಗೆ ಗ್ಯಾಸ್ ತೀರಾ ಕಡಿಮೆ, ಅದೂ ಸೂಕ್ಷ್ಮಜೀವಿಗಳು ಮಾಡಿದ್ದು. ಆದರೂ ಸಾವಿರಾರು ಬಾವಿ ಕೊರೆದು ಗ್ಯಾಸ್ ತೆಗೆದರು. ಪದರ ದಪ್ಪ, ಮೇಲೇ ಇದೆ, ಬಿರುಕು ಸಲೀಸು. ಝರಿಯಾ ಇರುವ ದಾಮೋದರ ಕಣಿವೆಯಲ್ಲಿ ಟನ್ನಿಗೆ ಗ್ಯಾಸ್ ಜಾಸ್ತಿ ಇದ್ದರೂ ಪದರವನ್ನು ನೀರಿನ ಒತ್ತಡದಿಂದ ಒಡೆಯದೆ ಬಾವಿ ಸರಿಯಾಗಿ ಕೊಡುವುದಿಲ್ಲ.

ಗ್ಯಾಸ್ ಬಾವಿಯಿಂದ ಮೊದಲು ತಿಂಗಳುಗಟ್ಟಲೆ ನೀರೇ ಎತ್ತುತ್ತಾರಲ್ಲ, ಯಾಕೆ?

ಈ ಪ್ರಶ್ನೆಗೆ ಅಂಕಿ ಹಾಕಿಯೇ ಉತ್ತರ ಕೊಡುವುದು ವಾಸಿ. ಅಂಕಿ ನನ್ನ ಊಹೆಯವು, ಲೆಕ್ಕಕ್ಕೆ ಸುಲಭ ಆಗಲಿ ಅಂತ.

500 ಮೀಟರ್ ಆಳದ ಪದರ, ಒತ್ತಡ 5 ಮೆಗಾಪ್ಯಾಸ್ಕಲ್. ಲ್ಯಾಂಗ್‌ಮ್ಯೂರ್ ಲೆಕ್ಕದ ಗರಿಷ್ಠ ಸಾಮರ್ಥ್ಯ ಟನ್ನಿಗೆ 20 ಘನ ಮೀಟರ್. ಅದರ ಅರ್ಧ ತುಂಬುವ ಒತ್ತಡ 3 ಮೆಗಾಪ್ಯಾಸ್ಕಲ್. ಹಾಗಾದರೆ 5ರಲ್ಲಿ ಈ ಕಲ್ಲಿದ್ದಲು ಹಿಡಿಯಬಲ್ಲದ್ದು 20 × 5 ÷ 8, ಅಂದರೆ 12.5. ಪದರ ಪೂರ್ತಿ ತುಂಬಿದೆ ಅನ್ನಿ. ಒತ್ತಡವನ್ನು ಅರ್ಧಕ್ಕೆ, 2.5ಕ್ಕೆ ಇಳಿಸಿದರೆ ಉಳಿಯುವುದು 9.1. ಹೊರಬಂದದ್ದು 3.4 ಮಾತ್ರ. ಅಲ್ಲಿಂದ 0.5ಕ್ಕೆ ಇಳಿಸಿದರೆ ಉಳಿಯುವುದು 2.9, ಇನ್ನೂ 6.2 ಬಂತು. ಮೊದಲ ಅರ್ಧ ದಾರಿಯಲ್ಲಿ ಸಿಕ್ಕಿದ್ದಕ್ಕಿಂತ ಕೊನೆಯ ಭಾಗದಲ್ಲಿ ಸಿಕ್ಕಿದ್ದು ಜಾಸ್ತಿ. ಕಲ್ಲಿದ್ದಲು ಗ್ಯಾಸ್ ಬಿಡುವುದು ಒತ್ತಡ ತೀರಾ ಕೆಳಗಿಳಿದಾಗ.

ಈಗ ಅದೇ ಪದರದಲ್ಲಿ ನಿಜವಾಗಿ ಇರುವುದು 12.5 ಅಲ್ಲ, 8 ಅಂದುಕೊಳ್ಳಿ. ಉಳಿದದ್ದು ಯಾವುದೋ ಕಾಲದಲ್ಲಿ ಸೋರಿಹೋಗಿದೆ. 8 ಘನ ಮೀಟರ್ ಹಿಡಿಯಲು 2 ಮೆಗಾಪ್ಯಾಸ್ಕಲ್ ಸಾಕು. ಅಂದರೆ 5ರಿಂದ 2ಕ್ಕೆ ಇಳಿಯುವವರೆಗೆ ಒಂದು ಗುಳ್ಳೆಯೂ ಬರುವುದಿಲ್ಲ. ಬಾವಿಯಲ್ಲಿ ನೀರಿನ ಮಟ್ಟವನ್ನು ಸುಮಾರು ಮುನ್ನೂರು ಮೀಟರ್ ಇಳಿಸಬೇಕು, ಅಲ್ಲಿವರೆಗೆ ಬರೀ ಪಂಪಿನ ಕರೆಂಟ್ ಬಿಲ್ಲು. ಗ್ಯಾಸ್ ಇದೆ ಎಂದು ಗೊತ್ತಿದ್ದೂ ಬಾವಿ ಲಾಭ ತರದಿರುವುದಕ್ಕೆ ಇದೇ ಒಂದು ದೊಡ್ಡ ಕಾರಣ.

ಗ್ಯಾಸ್ ಹೋದ ಮೇಲೆ ಕಲ್ಲಿದ್ದಲಿಗೆ ಏನಾಗುತ್ತದೆ?

ಸ್ವಲ್ಪ ಕುಗ್ಗುತ್ತದೆ. ಕುಗ್ಗಿದಾಗ ಕ್ಲೀಟು ಅಗಲವಾಗುತ್ತದೆ. ಇನ್ನೊಂದು ಕಡೆ ಬಿರುಕಿನೊಳಗಿನ ಒತ್ತಡ ಹೋದದ್ದರಿಂದ ಮೇಲಿನ ಭಾರ ಅದನ್ನು ಮುಚ್ಚಲು ನೋಡುತ್ತದೆ. ಯಾವುದು ಗೆಲ್ಲುತ್ತದೆ ಅನ್ನುವುದು ಆಯಾ ಕಲ್ಲಿದ್ದಲಿನ ಗಡಸುತನದ ಮೇಲೆ. ಅಮೆರಿಕದ ಸಾನ್ ವಾನ್ ಜಲಾನಯನದ ಒಳ್ಳೆಯ ಭಾಗಗಳಲ್ಲಿ ಕುಗ್ಗುವಿಕೆಯೇ ಗೆದ್ದಿತು. ಬಾವಿ ಹಳೆಯದಾದಂತೆ ಪರ್ಮಿಯಬಿಲಿಟಿ ಏರುತ್ತಾ ಹೋಯಿತು. ಮಾಮೂಲಿ ಗ್ಯಾಸ್ ಬಾವಿಗಳನ್ನು ನೋಡಿದವರಿಗೆ ಇದು ವಿಚಿತ್ರ.

ಪದರದಲ್ಲಿ ಎಷ್ಟು ಗ್ಯಾಸಿದೆ ಎಂದು ಅಳೆಯುವುದು ಹೇಗೆ?

ನನಗೆ ಇಷ್ಟವಾದ ಪ್ರಶ್ನೆ ಇದು. ಪದರದಿಂದ ಕಲ್ಲಿದ್ದಲಿನ ಕೋರ್, ಅಂದರೆ ಕಂಬದಂಥ ಉದ್ದನೆಯ ತುಂಡು, ಕೊರೆದು ಮೇಲೆ ತರಬೇಕು. ಅದು ಮೇಲೆ ಬರುತ್ತಿರುವಾಗಲೇ ಗ್ಯಾಸ್ ಬಿಡಲು ಶುರು ಮಾಡಿರುತ್ತದೆ. ಒದ್ದೆ ಕೋರನ್ನು ಕೈಯಲ್ಲಿ ಹಿಡಿದರೆ ಹೊಳೆಯುವ ಪಟ್ಟಿಗಳ ಉದ್ದಕ್ಕೂ ಸಣ್ಣ ಗುಳ್ಳೆಗಳು ನೊರೆಯಾಗಿ ಏಳುವುದು ಕಾಣುತ್ತದೆ. ಗ್ಯಾಸಿರುವ ಪದರವಾದರೆ ಕಿವಿ ಹತ್ತಿರ ತಂದಾಗ ಚಿಟಿಚಿಟಿ ಸದ್ದೂ ಕೇಳುತ್ತದೆ. ಅದನ್ನು ನೋಡುತ್ತಾ ನಿಲ್ಲಬಾರದು. ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಲೋಹದ ಡಬ್ಬಿಗೆ ಹಾಕಿ ಗಾಳಿಯಾಡದಂತೆ ಮುಚ್ಚಬೇಕು. ಈ ಡಬ್ಬಿಗೆ ಕ್ಯಾನಿಸ್ಟರ್ ಅಂತಾರೆ. ಪದರದ ಬಿಸಿ ಎಷ್ಟಿತ್ತೋ ಅಷ್ಟೇ ಬಿಸಿಯ ನೀರಿನ ತೊಟ್ಟಿಯಲ್ಲಿ ಅದನ್ನು ಇಡುತ್ತಾರೆ.

ಡಬ್ಬಿಯಿಂದ ಬರುವ ಗ್ಯಾಸನ್ನು ನೀರು ತುಂಬಿ ಬೋರಲು ಹಾಕಿದ ಅಳತೆಗಾಜಿಗೆ ಬಿಡುತ್ತಾರೆ. ನೀರು ಎಷ್ಟು ಕೆಳಗಿಳಿಯಿತೋ ಅಷ್ಟು ಗ್ಯಾಸ್. ಶುರುವಿನಲ್ಲಿ ಕೆಲವೇ ನಿಮಿಷಕ್ಕೊಮ್ಮೆ ಓದಬೇಕು, ಆಮೇಲೆ ಗಂಟೆಗೊಮ್ಮೆ, ಆಮೇಲೆ ದಿನಕ್ಕೊಮ್ಮೆ. ಹೀಗೆ ವಾರಗಟ್ಟಲೆ ನಡೆಯುತ್ತದೆ. ಕೊನೆಯಲ್ಲಿ ಇನ್ನೂ ಕಲ್ಲಿದ್ದಲಿನೊಳಗೆ ಉಳಿದದ್ದನ್ನು, ಮುಚ್ಚಿದ ಗಿರಣಿಯಲ್ಲಿ ನುಣ್ಣಗೆ ಅರೆದು ಹೊರಗೆ ತೆಗೆಯುತ್ತಾರೆ.

ತೊಡಕಿರುವುದು ಡಬ್ಬಿ ಮುಚ್ಚುವ ಮೊದಲು ಹೋದ ಗ್ಯಾಸಿನಲ್ಲಿ. ಅದನ್ನು ಅಳೆಯಲು ಆಗುವುದಿಲ್ಲ, ಅಂದಾಜು ಮಾಡಬೇಕು. ಶುರುವಿನ ಹೊತ್ತಿನಲ್ಲಿ ಹೊರಬರುವ ಗ್ಯಾಸ್, ಕಳೆದ ಸಮಯದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಆ ನೇರ ಗೆರೆಯನ್ನು ಹಿಂದಕ್ಕೆ ಎಳೆದು, ಕೋರ್ ಗ್ಯಾಸ್ ಬಿಡಲು ಶುರು ಮಾಡಿದ ಕ್ಷಣಕ್ಕೆ ಮುಟ್ಟಿಸುತ್ತಾರೆ. 1970ರ ಸುಮಾರಿಗೆ ಫ್ರಾನ್ಸಿನಲ್ಲಿ ಶುರುವಾದ ಈ ವಿಧಾನವನ್ನು ಅಮೆರಿಕದ ಗಣಿ ಇಲಾಖೆ ತಿದ್ದಿ ಬಳಕೆಗೆ ತಂದಿತು. ಕೆಸರುನೀರು ಬಳಸಿ ಕೊರೆದಿದ್ದರೆ, ಕೋರ್ ಬಾವಿಯಲ್ಲಿ ಅರ್ಧ ದಾರಿ ಮೇಲೆ ಬಂದ ಹೊತ್ತನ್ನು ಶುರು ಅಂತ ಹಿಡಿಯುತ್ತಾರೆ. ಹಾಗಾಗಿ ಕೊರೆಯುವ ಜಾಗದಲ್ಲಿ ಗಡಿಯಾರ ನೋಡಿ ಬರೆದಿಡುವವನ ಕೆಲಸ ಲ್ಯಾಬಿನವರ ಕೆಲಸದಷ್ಟೇ ಮುಖ್ಯ. ಸಮಯ ಸರಿಯಾಗಿ ಬರೆಯದಿದ್ದರೆ, ಮುಂದೆ ಎಂಥ ಯಂತ್ರ ಇಟ್ಟು ಅಳೆದರೂ ಅಂಕಿ ಪೊಳ್ಳು.

ಭಾರತದಲ್ಲಿ ಧನಬಾದಿನ ಸಿಂಫರ್, ರಾಂಚಿಯ ಸಿಎಂಪಿಡಿಐ ಲ್ಯಾಬುಗಳು ಈ ಕೆಲಸ ಮಾಡುತ್ತವೆ.

ಡಿಗ್ರಿ ಒಂದು, ಎರಡು, ಮೂರು ಅಂತ ಗಣಿಗಳನ್ನು ವಿಂಗಡಿಸುವುದು ಇದರ ಮೇಲೇನಾ?

ಪೂರ್ತಿ ಅಲ್ಲ. ಇದು ಹಿಡಿದಿಟ್ಟ ಗ್ಯಾಸಿನ ಲೆಕ್ಕ ಅಲ್ಲ, ಗಣಿಗಾಳಿಗೆ ಬಂದ ಗ್ಯಾಸಿನ ಲೆಕ್ಕ. ನಮ್ಮ ಕಲ್ಲಿದ್ದಲು ಗಣಿ ನಿಯಮಾವಳಿ ಪ್ರಕಾರ, ಗಣಿಗಾಳಿಯಲ್ಲಿ ಹೊತ್ತಿಕೊಳ್ಳಬಲ್ಲ ಗ್ಯಾಸ್ ಶೇ 0.1 ದಾಟದೆ, ತೆಗೆದ ಒಂದು ಟನ್ ಕಲ್ಲಿದ್ದಲಿಗೆ 1 ಘನ ಮೀಟರ್ ಮೀರದೆ ಇದ್ದರೆ ಆ ಪದರ ಮೊದಲ ಡಿಗ್ರಿ. ಶೇ 0.1 ದಾಟಿದರೆ ಅಥವಾ ಟನ್ನಿಗೆ 1ರಿಂದ 10 ಘನ ಮೀಟರ್ ಬಂದರೆ ಎರಡನೇ ಡಿಗ್ರಿ. 10 ದಾಟಿದರೆ ಮೂರನೇ ಡಿಗ್ರಿ. ಝರಿಯಾದ ಮೂನಿಡೀಹ್ ಗಣಿ ಮೂರನೇ ಡಿಗ್ರಿಯದು. ಅಲ್ಲಿ ಪದರದ ಮಿಥೇನನ್ನು ಬಾವಿಯಿಂದ ತೆಗೆದು ಕರೆಂಟ್ ಮಾಡುವ ಪ್ರಯೋಗವೂ ವಿಶ್ವಸಂಸ್ಥೆಯ ನೆರವಿನಿಂದ ನಡೆಯಿತು.

ಟನ್ನಿಗೆ 6 ಘನ ಮೀಟರ್ ಹಿಡಿದ ಪದರವೂ ಮೂರನೇ ಡಿಗ್ರಿ ಆಗಬಹುದು. ಆಶ್ಚರ್ಯವೇನಿಲ್ಲ. ಕಲ್ಲಿದ್ದಲು ತೆಗೆದ ಮೇಲೆ ಮೇಲ್ಛಾವಣಿ ಕುಸಿಯುತ್ತದೆ, ಮೇಲಿನ ಕೆಳಗಿನ ಪದರಗಳೂ ಬಿರುಕು ಬಿಟ್ಟು ತಮ್ಮ ಗ್ಯಾಸನ್ನು ಅಲ್ಲಿಗೇ ಬಿಡುತ್ತವೆ. ತೆಗೆದದ್ದು ಒಂದು ಪದರ, ಗ್ಯಾಸ್ ಬಂದದ್ದು ನಾಲ್ಕರಿಂದ. ಝರಿಯಾದಲ್ಲಿ ಪದರಗಳು ಒಂದರ ಮೇಲೊಂದು ಒತ್ತಾಗಿರುವುದರಿಂದ ಇದು ಅಲ್ಲಿ ದಿನನಿತ್ಯದ ಸಂಗತಿ.

ಡಿಗ್ರಿ ಕಡಿಮೆ ಎಂದು ಯಾರೂ ಮೈಮರೆಯುವಂತಿಲ್ಲ. ಗಾಳಿ ಆಡದ ಮೂಲೆಯಲ್ಲಿ ಸ್ವಲ್ಪ ಸ್ವಲ್ಪವೇ ಸೇರಿದರೂ ಸಾಕು.

ಯಾವ ಪ್ರಮಾಣದಲ್ಲಿ ಸ್ಫೋಟ ಆಗುತ್ತದೆ? ವಾಸನೆ ಬರುವುದಿಲ್ಲವಾ?

ಗಾಳಿಯಲ್ಲಿ ಶೇ 5ರಿಂದ 15 ಇದ್ದರೆ ಸ್ಫೋಟ. ಶೇ 9.5ರ ಸುಮಾರಿಗೆ ಅತಿ ಭೀಕರ. ವಾಸನೆ ಇಲ್ಲ, ಬಣ್ಣ ಇಲ್ಲ. ಮನೆ ಸಿಲಿಂಡರಿನ ವಾಸನೆ ಬೇಕೆಂದೇ ಸೇರಿಸಿದ್ದು, ಗಣಿಯಲ್ಲಿ ಸೇರಿಸುವವರು ಯಾರು? ಗಾಳಿಗಿಂತ ಹಗುರವಾದ್ದರಿಂದ ಛಾವಣಿಗೆ ಹತ್ತಿ ಪದರವಾಗಿ ನಿಲ್ಲುತ್ತದೆ. ನಮ್ಮ ನಿಯಮದಲ್ಲಿ ಒಂದು ವಿಭಾಗದಿಂದ ವಾಪಸ್ ಬರುವ ಗಾಳಿಯಲ್ಲಿ ಶೇ 0.75, ಗಣಿಯ ಯಾವುದೇ ಜಾಗದಲ್ಲಿ ಶೇ 1.25 ಮೀರಬಾರದು. 2006ರ ಸೆಪ್ಟೆಂಬರಿನಲ್ಲಿ ಧನಬಾದ್ ಬಳಿಯ ಭಾಟ್‌ಡೀಹ್ ಗಣಿಯಲ್ಲಿ ಸ್ಫೋಟವಾಗಿ 50 ಮಂದಿ ಕಾರ್ಮಿಕರು ಸತ್ತರು. ಇದು ಇತಿಹಾಸದ ಪುಸ್ತಕದ ವಿಷಯ ಅಲ್ಲ.

ವಿಷಗಾಳಿ ಇದೆಯೇ ಎಂದು ತಿಳಿಯಲು ಹಿಂದೆ ಗಣಿಯೊಳಗೆ ಒಯ್ಯುತ್ತಿದ್ದ ಕ್ಯಾನರಿ ಹಕ್ಕಿಯ ಬಗ್ಗೆಯೂ ಕೇಳುತ್ತಾರೆ. ಅದನ್ನು ಇಟ್ಟುಕೊಳ್ಳುತ್ತಿದ್ದದ್ದು ಮಿಥೇನಿಗಲ್ಲ, ಕಾರ್ಬನ್ ಮಾನಾಕ್ಸೈಡಿಗೆ. ಮಿಥೇನಿಗೆ 1815ರ ಡೇವಿ ದೀಪ, ಅಂದರೆ ಜ್ವಾಲೆಯ ಸುತ್ತ ತಂತಿಬಲೆ ಇರುವ ಗಣಿದೀಪ. ಗ್ಯಾಸ್ ಇದ್ದರೆ ಜ್ವಾಲೆಯ ಮೇಲೆ ನಸುನೀಲಿ ಟೊಪ್ಪಿಗೆ ಕಾಣುತ್ತಿತ್ತು. ಅದರ ಎತ್ತರ ನೋಡಿ ಪ್ರಮಾಣ ಹೇಳುತ್ತಿದ್ದರು.

ಒಂದೊಂದು ದಿನ ಗಣಿಯಲ್ಲಿ ಗ್ಯಾಸ್ ಇದ್ದಕ್ಕಿದ್ದಂತೆ ಏರುವುದು ಯಾಕೆ?

ಮಾಮೂಲಿ ಕಾರಣ ಹವೆ. ವಾಯುಭಾರ ಕುಸಿದ ದಿನ, ಕಲ್ಲಿದ್ದಲು ತೆಗೆದು ಬಿಟ್ಟ ಹಳೇ ಜಾಗದಲ್ಲಿ, ಅಂದರೆ ಗೋಫಿನಲ್ಲಿ, ಸೇರಿದ್ದ ಗ್ಯಾಸ್ ಹೊರಗೆ ಉಬ್ಬುತ್ತದೆ.

ಭಯಂಕರವಾದದ್ದು ಇನ್ನೊಂದು, ಔಟ್‌ಬರ್ಸ್ಟ್. ಭೂಮಿಯ ಒತ್ತಡಕ್ಕೆ ಸಿಕ್ಕಿ ನುಗ್ಗಾಗಿ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕಲ್ಲಿದ್ದಲಿನಲ್ಲಿ ಇದು ಆಗುವುದು. ಅದರಲ್ಲಿ ಗ್ಯಾಸ್ ಹಿಡಿದಿರುತ್ತದೆ, ಆದರೆ ಕ್ಲೀಟು ನುಗ್ಗಾಗಿ ದಾರಿ ಕಟ್ಟಿರುತ್ತದೆ. ಸುರಂಗದ ಮುಖ ಅಲ್ಲಿಗೆ ಬಂದಾಗ ಒಮ್ಮೆಲೇ ಒತ್ತಡ ಹೋಗುತ್ತದೆ. ಕಣ ಸಣ್ಣದಾದ್ದರಿಂದ ಗ್ಯಾಸ್ ಕ್ಷಣದಲ್ಲಿ ಬಿಡುಗಡೆಯಾಗಿ, ಪುಡಿಯನ್ನೇ ಹೊತ್ತು ಸುರಂಗದ ತುಂಬಾ ಎಸೆಯುತ್ತದೆ. 1969ರಲ್ಲಿ ಉಕ್ರೇನಿನ ಡಾನ್‌ಬಾಸ್ ಪ್ರದೇಶದ ಗಗಾರಿನ್ ಗಣಿಯಲ್ಲಿ ಹೀಗೆ ಹೊರಬಿದ್ದ ಕಲ್ಲಿದ್ದಲು ಸುಮಾರು 14 ಸಾವಿರ ಟನ್. ಇಲ್ಲಿ ಗ್ಯಾಸ್ ಎಷ್ಟಿತ್ತು ಅನ್ನುವುದಕ್ಕಿಂತ ಎಷ್ಟು ವೇಗವಾಗಿ ಬಿಟ್ಟಿತು ಅನ್ನುವುದೇ ಜೀವ ತೆಗೆಯುತ್ತದೆ. ಮುಂಚೆಯೇ ಪದರಕ್ಕೆ ತೂತು ಕೊರೆದು ಗ್ಯಾಸ್ ಹೀರಿಬಿಡುವುದೇ ಇದಕ್ಕೆ ಮುಖ್ಯ ಉಪಾಯ.

ಝಾಮಾ ಸಿಕ್ಕ ಕಡೆ ಗ್ಯಾಸ್ ಇರುತ್ತದಾ?

ಝರಿಯಾ, ಪಶ್ಚಿಮ ಬಂಗಾಳದ ರಾಣಿಗಂಜ್ ಗಣಿಗಳಲ್ಲಿ ಕರಗಿದ ಕಲ್ಲು ಪದರದೊಳಗೆ ನುಗ್ಗಿ, ಸುತ್ತಲಿನ ಕಲ್ಲಿದ್ದಲು ಬೆಂದು ಸಹಜ ಕೋಕ್ ಆಗಿದೆ. ಅದೇ ಝಾಮಾ. ನುಗ್ಗಿದ ಕಲ್ಲಿಗೆ ತಾಗಿದ ಭಾಗ ಸುಟ್ಟು ಗುಣ ಕೆಟ್ಟಿರುತ್ತದೆ, ಸ್ವಲ್ಪ ದೂರದಲ್ಲಿ ರ‍್ಯಾಂಕ್ ಏಕ್ದಂ ಏರಿರುತ್ತದೆ, ಇನ್ನೂ ದೂರ ಹೋದರೆ ಮಾಮೂಲಿ. ಒಂದೇ ಪದರದಲ್ಲಿ ಕೆಲವು ಮೀಟರಿಗೇ ಗ್ಯಾಸಿನ ಅಂಕಿ ಬದಲಾಗುತ್ತದೆ. ಕೆಲವೊಮ್ಮೆ ಆ ನುಗ್ಗಿದ ಕಲ್ಲೇ ಗೋಡೆಯಾಗಿ ಒಂದು ಕಡೆ ಗ್ಯಾಸ್ ಕಟ್ಟಿಹಾಕುತ್ತದೆ. ಒಂದೇ ಬಾವಿಯ ಕೋರ್ ನೋಡಿ ಇಡೀ ಬ್ಲಾಕಿಗೆ ಲೆಕ್ಕ ಹಾಕಬಾರದು.

ಝರಿಯಾದ ಬೆಂಕಿ ಮಿಥೇನಿನದಾ?

ಅಲ್ಲ. 1916ರಿಂದ ದಾಖಲಾಗಿರುವ ಆ ಬೆಂಕಿಗೆ ಮುಖ್ಯ ಕಾರಣ ಕಲ್ಲಿದ್ದಲು ಗಾಳಿಯ ಆಮ್ಲಜನಕ ಹೀರಿ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುವುದು.

ಕಾರ್ಬನ್ ಡೈಆಕ್ಸೈಡ್ ತುಂಬಿ ಮಿಥೇನ್ ಹೊರಗೆ ತಳ್ಳಬಹುದು ಅಂತಾರಲ್ಲ?

ಬಿಟುಮಿನಸ್ ಕಲ್ಲಿದ್ದಲು ಮಿಥೇನಿಗಿಂತ ಕಾರ್ಬನ್ ಡೈಆಕ್ಸೈಡನ್ನು ಸುಮಾರು ಎರಡು ಪಟ್ಟು ಹಿಡಿಯುತ್ತದೆ. ಅದು ಬಂದು ಕೂತು ಮಿಥೇನನ್ನು ಎಬ್ಬಿಸುತ್ತದೆ. ಕಾಗದದ ಮೇಲೆ ಬಹಳ ಚೆಂದ. ಸಾನ್ ವಾನ್‌ನ ಆಲಿಸನ್ ಘಟಕದಲ್ಲಿ 1995ರಿಂದ 2001ರವರೆಗೆ ಮಾಡಿಯೂ ನೋಡಿದರು. ತೊಂದರೆ ಏನೆಂದರೆ, ಅದು ಕೂತ ಕಲ್ಲಿದ್ದಲು ಊದಿಕೊಳ್ಳುತ್ತದೆ, ಕ್ಲೀಟು ಮುಚ್ಚುತ್ತದೆ. ತುಂಬುವ ಬಾವಿಗೆ ಗ್ಯಾಸ್ ಇಳಿಯುವುದೇ ಕಷ್ಟವಾಯಿತು. ಹಿಡಿಯುವ ಗುಣ ಒಳ್ಳೆಯದಿದ್ದಷ್ಟೂ ಹರಿಯುವ ಗುಣ ಕೆಡುವ ಪೇಚು ಇದು.

ಭಾರತದಲ್ಲಿ ಈ ಗ್ಯಾಸ್ ಎಲ್ಲಿ ತೆಗೆಯುತ್ತಿದ್ದಾರೆ? ಕಾವೇರಿ ಕಡೆಯೂ ಗಲಾಟೆ ಆಯಿತಲ್ಲ?

1997ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನೀತಿ ಮಾಡಿತು. 2007ರಲ್ಲಿ ರಾಣಿಗಂಜ್ ಕಡೆ ಮೊದಲ ವಾಣಿಜ್ಯ ಮಾರಾಟ ಶುರುವಾಯಿತು. ಮಧ್ಯಪ್ರದೇಶದ ಸೊಹಾಗ್‌ಪುರದಲ್ಲಿ 2017ರಿಂದ ತೆಗೆಯುತ್ತಿದ್ದಾರೆ. ದೇಶದಲ್ಲಿ ಒಟ್ಟು ಸುಮಾರು 2,600 ಶತಕೋಟಿ ಘನ ಮೀಟರ್ ಇರಬಹುದು ಎಂಬ ಸರ್ಕಾರಿ ಅಂದಾಜು ಆಗಾಗ ಕೇಳಿಬರುತ್ತದೆ. ಅದು ಹಿಡಿದಿಟ್ಟದ್ದರ ಲೆಕ್ಕ. ಬಿಟ್ಟುಕೊಡುವುದು ಎಷ್ಟು ಎಂದು ಅದು ಹೇಳುವುದಿಲ್ಲ.

ಕಾವೇರಿ ಕೊನೆಯ ಮನ್ನಾರ್‌ಗುಡಿಯಲ್ಲಿ ಇರುವುದು ಲಿಗ್ನೈಟ್. ಲಿಗ್ನೈಟಿನಿಂದ ಗ್ಯಾಸ್ ಬೇಕೆಂದರೆ ಮೊದಲು ಬೇಕಾದಷ್ಟು ನೀರು ಎತ್ತಬೇಕು. ಭತ್ತ ಬೆಳೆಯುವ ಮುಖಜಭೂಮಿಯಲ್ಲಿ ರೈತರು ಅಂತರ್ಜಲಕ್ಕೆ ಹೆದರಿ ಬೀದಿಗಿಳಿದದ್ದರಲ್ಲಿ ಅರ್ಥವಿತ್ತು. 2020ರಲ್ಲಿ ತಮಿಳುನಾಡು ಆ ಭಾಗವನ್ನು ಸಂರಕ್ಷಿತ ಕೃಷಿ ವಲಯ ಎಂದು ಕಾನೂನು ಮಾಡಿತು.

ನಮ್ಮ ಕಡೆ ಬರುವ ಕಲ್ಲಿದ್ದಲಿನಲ್ಲಿ ಮಿಥೇನ್ ಉಳಿದಿರುತ್ತದಾ?

ಒಡೆದು, ಲಾರಿ ರೈಲು ಹತ್ತಿ, ದಿನಗಟ್ಟಲೆ ಗಾಳಿಗೆ ಬಿದ್ದ ಕಲ್ಲಿದ್ದಲಿನಲ್ಲಿ ಬಹುಪಾಲು ಹೋಗಿರುತ್ತದೆ. ತೀರಾ ಸಣ್ಣ ರಂಧ್ರಗಳಲ್ಲಿ ಸ್ವಲ್ಪ ಉಳಿದು ನಿಧಾನವಾಗಿ ಬರುತ್ತಿರುತ್ತದೆ. ಬಯಲಿನ ರಾಶಿಯಲ್ಲಿ ಅದು ಲೆಕ್ಕಕ್ಕಿಲ್ಲ. ಅಲ್ಲಿ ಕಾಯಬೇಕಾದ್ದು ರಾಶಿ ತಾನಾಗಿ ಬಿಸಿಯಾಗುವುದನ್ನು.

ಮುಚ್ಚಿದ ಜಾಗ ಮಾತ್ರ ಬೇರೆ. ಮಂಗಳೂರಿನ ಬಂದರಿಗೆ ಹಡಗಿನಲ್ಲಿ ಬರುವ ಕಲ್ಲಿದ್ದಲು ವಾರಗಟ್ಟಲೆ ಮುಚ್ಚಿದ ಹೋಲ್ಡಿನಲ್ಲಿ, ಅಂದರೆ ಹಡಗಿನ ಸರಕು ತುಂಬುವ ಒಳಭಾಗದಲ್ಲಿ, ಇರುತ್ತದೆ. ಹೊಸದಾಗಿ ಅಗೆದದ್ದಾದರೆ, ಪುಡಿ ಜಾಸ್ತಿ ಇದ್ದರೆ, ಅಲ್ಲಿ ಮಿಥೇನ್ ಸ್ಫೋಟದ ಮಟ್ಟಕ್ಕೂ ಏರಬಹುದು. ಅದಕ್ಕೇ ದಾರಿಯುದ್ದಕ್ಕೂ ಹೋಲ್ಡಿನ ಗಾಳಿಯಲ್ಲಿ ಮಿಥೇನ್, ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್ ಅಳೆಯುತ್ತಾರೆ. ಗ್ಯಾಸ್ ಪರೀಕ್ಷೆ ಆಗದೆ ಯಾರನ್ನೂ ಒಳಗೆ ಇಳಿಸಬಾರದು. ಹೋಲ್ಡಿನ ಬಾಯಿ ತೆರೆಯುವಾಗ ಡೆಕ್ಕಿನ ಮೇಲೆ ಬೀಡಿ ಸಿಗರೇಟು, ವೆಲ್ಡಿಂಗ್ ಕೆಲಸ ಎರಡೂ ಬಂದ್.